ಮೆಕ್ಯಾನಿಕ್ ಬಲ್ಲ ಕಾರು

ಎರಡು ಮೂರು ಲಕ್ಷ ರೂಪಾಯಿ ಹೊಂದಿಸಿಕೊಂಡು ಡಿಕ್ಕಿ ಇರುವ ಹಳೆಯ ಕಾರೊಂದನ್ನು ಹುಡುಕಲು ಹೊರಟ ಕುಟುಂಬ ಮೊದಲು ಕೇಳುವುದು ಯಾವ ಕಂಪನಿಯ ಗಾಡಿ ಒಳ್ಳೆಯದು ಎಂದು. ಆಮೇಲೆ ಮೈಲೇಜ್ ಎಷ್ಟು ಕೊಡುತ್ತದೆ, ಎಷ್ಟು ಕಿಲೋಮೀಟರ್ ಓಡಿದೆ, ಸಿಂಗಲ್ ಓನರ್ ಹೌದೋ ಅಲ್ಲವೋ. ಈ ಪ್ರಶ್ನೆಗಳೆಲ್ಲ ಸರಿಯೇ. ಆದರೆ ಸ್ವಾತಂತ್ರ್ಯ ಬಂದಾಗಿನಿಂದ ನಮ್ಮ ದೇಶದಲ್ಲಿ ಕಾರುಗಳು ಕೈ ಬದಲಾಯಿಸುತ್ತ ಬಂದ ಬಗೆಯನ್ನು ನೋಡಿದರೆ, ಇವೆಲ್ಲಕ್ಕೂ ಮುಂಚೆ ಕೇಳಬೇಕಾದದ್ದು ಬೇರೆಯೇ ಇದೆ: ಈ ಗಾಡಿ ಕೆಟ್ಟು ನಿಂತರೆ ಬಿಚ್ಚಿ ಜೋಡಿಸಬಲ್ಲವರು ನಮ್ಮೂರಲ್ಲಿ ಯಾರಿದ್ದಾರೆ, ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ? ಹಳೆಯ ಕಾರಿನ ಭರವಸೆ ಕಾರ್ಖಾನೆಯಲ್ಲಿ ಹುಟ್ಟುವುದು ಅರ್ಧ ಮಾತ್ರ. ಉಳಿದರ್ಧ ರಸ್ತೆ ಬದಿಯ ಗ್ಯಾರೇಜಿನಲ್ಲಿ, ಸ್ಪೇರ್ ಪಾರ್ಟ್ಸ್ ಅಂಗಡಿಯ ಕಪಾಟಿನಲ್ಲಿ ಹುಟ್ಟುತ್ತದೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಪರ್ಮಿಟ್ ಕಾಲದ್ದು. ಬಿರ್ಲಾ ಕುಟುಂಬದ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಶುರುವಾಯಿತು. ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ. ಮೊದಲನೆಯದು ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅಂಬಾಸಡರ್ ಎಂಬ ಹೆಸರಿನಲ್ಲಿ ತಯಾರಿಸಿತು, ಎರಡನೆಯದು ಮುಂಬೈಯ ಕುರ್ಲಾದಲ್ಲಿ ಫಿಯಟ್ 1100 ಮಾದರಿಯನ್ನು. ಈ ಫಿಯಟ್ಟೇ ಮುಂದೆ ಪ್ರೀಮಿಯರ್ ಪದ್ಮಿನಿ ಆದದ್ದು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್ ಇತ್ತು. ಎಷ್ಟು ಕಾರು ಮಾಡಬೇಕು ಎಂಬುದನ್ನು ಸರ್ಕಾರದ ಲೈಸೆನ್ಸು ತೀರ್ಮಾನಿಸುತ್ತಿತ್ತು. 1969ರಿಂದ ಕೆಲವು ವರ್ಷ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿತು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು ಈಗಾಗಲೇ ಓಡಿದ ಫಿಯಟ್ಟಿಗೆ ಹೊಸದರ ಅಧಿಕೃತ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದರು. ಇಂಥ ವ್ಯಾಪಾರ ತಡೆಯಲೆಂದೇ ಹೊಸ ಕಾರು ಪಡೆದವರು ಇಂತಿಷ್ಟು ಕಾಲ ಅದನ್ನು ಮಾರಕೂಡದೆಂಬ ನಿರ್ಬಂಧವೂ ಬಂದಿತ್ತು. ಹಳೆಯ ಕಾರು ಎಂದರೆ ಬಡವರ ಕಾರು ಎಂಬ ಸಮೀಕರಣ ಆಗ ಇರಲೇ ಇಲ್ಲ.

ಈ ಅಭಾವ ದೇಶಕ್ಕೆ ಮಾಡಿದ ಹಾನಿ ದೊಡ್ಡದು. ಗ್ರಾಹಕರಿಗೆ ದಶಕಗಳ ಕಾಲ ಹಳತಾದ ತಂತ್ರಜ್ಞಾನವನ್ನೇ ದುಬಾರಿ ಬೆಲೆಗೆ ಕಟ್ಟಲಾಯಿತು. ಆದರೂ ಅದೇ ಅಭಾವ ತಾನು ಉದ್ದೇಶಿಸದೆಯೇ ಒಂದು ವಿದ್ಯೆಯನ್ನು ಬೆಳೆಸಿತು. ಮೂಲ ವಿನ್ಯಾಸ ಬದಲಾಗದೆ ಮೂವತ್ತು ನಲವತ್ತು ವರ್ಷ ಓಡಿದ ಎರಡೇ ಎರಡು ಗಾಡಿಗಳನ್ನು ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಇನ್ನೊಂದು ತಲೆಮಾರಿಗೆ ಕಲಿಸಿದರು. ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂರಿಸುವುದು, ತುಕ್ಕು ತಿಂದ ಬಾಡಿಗೆ ತಗಡು ಬೆಸೆದು ಟಿಂಕರಿಂಗ್ ಮಾಡುವುದು, ಕಿಂಗ್ ಪಿನ್ ಬದಲಿಸುವುದು, ಇವೆಲ್ಲ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಆಗುತ್ತಿದ್ದ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ ಪಾರ್ಟ್ಸ್ ಬೀದಿಗಳಲ್ಲಿ ಕಂಪನಿಯದು ಸಿಗದಿದ್ದರೆ ಲೋಕಲ್ ಸಿಗುತ್ತಿತ್ತು, ಅದೂ ಇಲ್ಲದಿದ್ದರೆ ಗುಜರಿಯಿಂದ ತೆಗೆದದ್ದು. ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ; ಟ್ಯಾಕ್ಸಿಗಳಿಗೆ ಅಲ್ಲಿದ್ದ 20 ವರ್ಷಗಳ ಮಿತಿ ಮುಗಿದು ಅದು ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಈ ಗಾಡಿಗಳು ಕೆಡುತ್ತಿರಲಿಲ್ಲವೆಂದು ಯಾರೂ ಹೇಳಲಾರರು, ಪದೇ ಪದೇ ಕೆಡುತ್ತಿದ್ದವು. ಕೆಟ್ಟದ್ದನ್ನು ಅಂದೇ, ಅಲ್ಲೇ, ಕೈಗೆಟಕುವ ದುಡ್ಡಿನಲ್ಲಿ ಸರಿಮಾಡಬಹುದಿತ್ತು. ಜನ ನಂಬಿದ್ದು ಅದನ್ನು.

ಹಳೆಯ ಕಾರಿನ ಸಂತೆಯ ಬಗ್ಗೆ ಜಗತ್ತಿನಲ್ಲೇ ಹೆಸರಾದ ಬರಹವೊಂದು ಇದೇ ಕಾಲದ್ದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಆ ಲೇಖನದ ತಿರುಳು ಇಷ್ಟು: ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ಸಂಶಯದ ಬೆಲೆ ಕಟ್ಟುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿ ಇರುವವನು ಮಾರಲು ಒಪ್ಪುವುದಿಲ್ಲ, ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಅಕೆರ್ಲಾಫ್ ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗ್ಯಾರಂಟಿ, ಹೆಸರಾಂತ ಬ್ರ್ಯಾಂಡು, ಲೈಸೆನ್ಸು, ಇವು ಆ ಸಂಶಯಕ್ಕೆ ಪರಿಹಾರವೆಂದು ಅವರು ಸೂಚಿಸಿದ್ದರು. ಭಾರತದ ಹಳೆಯ ಕಾರಿನ ವ್ಯಾಪಾರದಲ್ಲಿ ಆಗ ಇವು ಯಾವುವೂ ಇರಲಿಲ್ಲ. ಆದರೂ ಸಂತೆ ಕುಸಿಯಲಿಲ್ಲ, ಏಕೆಂದರೆ ಕೊಳ್ಳುವವರ ಪರವಾಗಿ ಬಾನೆಟ್ ಎತ್ತಿ ನೋಡುವ, ಎಂಜಿನ್ ಶಬ್ದ ಕೇಳಿಯೇ ಟ್ಯಾಪೆಟ್ಟೋ ಬೇರಿಂಗೋ ಹೇಳುವ ಪರಿಚಯದ ಮೆಕ್ಯಾನಿಕ್ ಇದ್ದ. ಮಾರುವವನಿಗೂ ಕೊಳ್ಳುವವನಿಗೂ ನಡುವಿನ ತಿಳಿವಳಿಕೆಯ ಅಂತರವನ್ನು ಆತ ಮುಚ್ಚುತ್ತಿದ್ದ. ಆತನಿಗೆ ಗೊತ್ತಿಲ್ಲದ ಗಾಡಿ ಬಂದರೆ ಆ ಅಂತರ ಹಾಗೆಯೇ ಉಳಿಯುತ್ತಿತ್ತು, ಗಾಡಿಯ ಬೆಲೆ ಬೀಳುತ್ತಿತ್ತು.

ಮಾರುತಿ ಇದನ್ನು ಬೇಗ ಅರ್ಥ ಮಾಡಿಕೊಂಡಿತು. 1983ರ ಡಿಸೆಂಬರಿನಲ್ಲಿ ಬಂದ 800 ಎಲ್ಲರಿಗೂ ಗೊತ್ತು. 1990ರಲ್ಲಿ ಬಂದ ಮಾರುತಿ 1000, 1994ರಲ್ಲಿ ಅದರ ಜಾಗಕ್ಕೆ ಬಂದ ಎಸ್ಟೀಮ್ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಆ ಒಂದು ಗಾಡಿಗೇ ಮೀಸಲಾಗಿರಲಿಲ್ಲ. ಅದೇ ವಂಶದ ಎಂಜಿನ್ ಜಿಪ್ಸಿಗೆ ಬಂತು, ವರ್ಸಾಗೆ ಬಂತು, 2005ರ ಮೊದಲ ಸ್ವಿಫ್ಟ್‌ಗೂ ಬಂತು. ಒಂದು ಎಂಜಿನ್ ಕಲಿತ ಗ್ಯಾರೇಜು ನಾಲ್ಕು ಗಾಡಿ ಕಲಿತಂತಾಯಿತು. ಹೊಸದಾಗಿದ್ದಾಗ ಎಸ್ಟೀಮ್ ಉಳ್ಳವರ ಕಾರು. ಹತ್ತು ಹದಿನೈದು ವರ್ಷ ಕಳೆದು ಮಧ್ಯಮ ವರ್ಗದ ಕೆಳಗಿನ ಮೆಟ್ಟಿಲಿನವರ ಕೈಗೆ ಬಂದಾಗ ಅದು ಅವರನ್ನು ಕಂಗೆಡಿಸದೆ ಓಡಿದ್ದು ಈ ಕಾರಣಕ್ಕೆ.

ಇದಕ್ಕೆ ಎದುರಾದ ಸಾಲನ್ನು ನೋಡಿ. 1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸಿನ ಕಟ್ಟು ಸಡಿಲವಾದ ಮೇಲೆ ವಿದೇಶಿ ಸೆಡಾನ್‌ಗಳು ಒಂದರ ಹಿಂದೊಂದು ಬಂದವು: ಡೇವೂ ಸಿಯೆಲೊ, ಓಪೆಲ್ ಆಸ್ಟ್ರಾ, ಫೋರ್ಡ್ ಎಸ್ಕಾರ್ಟ್, ಮಿತ್ಸುಬಿಷಿ ಲ್ಯಾನ್ಸರ್, ಹೋಂಡಾ ಸಿಟಿ, ಹ್ಯುಂಡೈ ಆಕ್ಸೆಂಟ್. ಓಡಿಸಲು ಇವುಗಳಲ್ಲಿ ಹಲವು ಎಸ್ಟೀಮ್‌ಗಿಂತ ಎಷ್ಟೋ ಮೇಲು. ಆದರೆ ಡೇವೂ ಕಂಪನಿ ಕೊರಿಯಾದಲ್ಲಿ ದಿವಾಳಿಯಾಗಿ ಇಲ್ಲಿಯೂ ಮುಚ್ಚಿತು. ಓಪೆಲ್ ಹೆಸರನ್ನು ಜನರಲ್ ಮೋಟಾರ್ಸ್ ಇಲ್ಲಿಂದ ತೆಗೆದುಹಾಕಿತು, ಆಮೇಲೆ 2017ರ ಕೊನೆಗೆ ತಾನೇ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ಕೈಬಿಟ್ಟಿತು. ಕಂಪನಿ ಹೋದ ಗಾಡಿಯ ಬೆಲೆ ನೆಲಕಚ್ಚುತ್ತದೆ; ಕಡಿಮೆ ಬಜೆಟ್ಟಿನವರ ಕಣ್ಣಿಗೆ ಬೀಳುವುದು ಆಗಲೇ. ಹೋಂಡಾ, ಹ್ಯುಂಡೈ ಉಳಿದವು, ಬೆಳೆದವು. ಅವುಗಳ ಹಳೆಯ ಸಿಟಿ, ಆಕ್ಸೆಂಟ್‌ಗಳಿಗೆ ಇವತ್ತಿಗೂ ಬೆಲೆಯಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಉಳಿದ ಕಂಪನಿಗಳ ಗಾಡಿ ನಿಜಕ್ಕೂ ಉತ್ತಮವಾಗಿದ್ದುದರಿಂದಲೇ ಅವು ಉಳಿದವು, ಗ್ಯಾರೇಜು ಬಿಡಿಭಾಗಗಳ ಮಾತೆಲ್ಲ ಆಮೇಲಿನದು ಎನ್ನಬಹುದು. ಇದನ್ನು ಒರೆಗೆ ಹಚ್ಚಲು ಚರಿತ್ರೆಯೇ ಒಂದು ಪ್ರಯೋಗ ಮಾಡಿಕೊಟ್ಟಿದೆ. ಫಿಯಟ್ ವಿನ್ಯಾಸದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಭಾರತದಲ್ಲಿ ಹಲವು ಕಂಪನಿಗಳ ಬಾನೆಟ್ ಕೆಳಗೆ ಕುಳಿತಿತ್ತು. ಮಾರುತಿಯ ಡಿಜೈರ್, ಟಾಟಾದ ಇಂಡಿಗೊ ಮಾಂಜಾ, ಫಿಯಟ್ಟಿನದೇ ಲಿನಿಯಾ, ಮೂರೂ ಸೆಡಾನ್‌ಗಳು, ಮೂರರಲ್ಲೂ ಅದೇ ಎಂಜಿನ್, ಶಕ್ತಿಯಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ. ಬಾಡಿಯ ಗಟ್ಟಿತನದಲ್ಲಿ, ಹೆದ್ದಾರಿಯ ಹಿಡಿತದಲ್ಲಿ ಲಿನಿಯಾ ಮುಂದು ಎಂದು ಓಡಿಸಿದವರು ಹೇಳುತ್ತಾರೆ. ಆದರೂ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಡಿಜೈರ್ ಬೆಲೆ ಉಳಿಸಿಕೊಂಡಿತು, ಲಿನಿಯಾ ಉಳಿಸಿಕೊಳ್ಳಲಿಲ್ಲ. ಹಾಗಿದ್ದರೆ ವ್ಯತ್ಯಾಸವನ್ನು ಎಂಜಿನ್ನಿನ ಆಚೆಗೇ ಹುಡುಕಬೇಕು: ಬಾಗಿಲ ಹಿಡಿ, ಹೆಡ್‌ಲೈಟು, ಸಸ್ಪೆನ್ಷನ್ ಬುಷ್, ಬಂಪರು ಮೊದಲಾದ ಸಣ್ಣಪುಟ್ಟ ಸಾಮಾನು ಯಾವ ಊರಿನಲ್ಲಿ ಸಿಗುತ್ತದೆ, ಕೆಲಸ ಬಲ್ಲವರು ಎಷ್ಟು ಹತ್ತಿರ ಇದ್ದಾರೆ ಎಂಬುದರಲ್ಲಿ.

ಇಂದು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ತುಂಬಿರುವ ಗಿಡ್ಡ ಸೆಡಾನ್‌ಗಳ ಹುಟ್ಟಿಗೆ ಕಾರಣ ತೆರಿಗೆ ನಿಯಮ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್‌ಗಿಂತ ಉದ್ದವಿಲ್ಲದ, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಟಾಟಾ 2008ರಲ್ಲಿ ಇಂಡಿಗೊ ಸಿಎಸ್ ತಂದಿತು. ಮಾರುತಿ 2012ರಲ್ಲಿ ಡಿಜೈರ್‌ನ ಡಿಕ್ಕಿ ಕತ್ತರಿಸಿ ನಾಲ್ಕು ಮೀಟರ್ ಒಳಗೆ ತಂದಿತು. 2013ರಲ್ಲಿ ಹೋಂಡಾ ಅಮೇಜ್ ಬಂತು. ನಮ್ಮ ಬಿಡದಿಯಲ್ಲಿ ತಯಾರಾದ ಟೊಯೋಟಾ ಇಟಿಯೋಸ್ ನಾಲ್ಕು ಮೀಟರ್ ಮೀರಿದ್ದರೂ 2010ರ ಕೊನೆಯಿಂದ 2020ರವರೆಗೆ ಓಡಿತು. ಡಿಜೈರ್ ಮತ್ತು ಇಟಿಯೋಸ್ ಟ್ಯಾಕ್ಸಿಯವರ ಮೆಚ್ಚಿನ ಗಾಡಿಗಳಾದವು. ಯೆಲ್ಲೋ ಬೋರ್ಡಿಗೆ ಹೋದ ಮಾದರಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ, ಅದರ ಪ್ರತಿಯೊಂದು ರೋಗವೂ ಗ್ಯಾರೇಜಿಗೆ ಪರಿಚಯವಾಗುತ್ತದೆ, ಬಿಡಿಭಾಗದ ಬೆಲೆ ಇಳಿಯುತ್ತದೆ. ಪದ್ಮಿನಿಗೂ ಅಂಬಾಸಡರಿಗೂ ಆದದ್ದು ಇದೇ.

ಆದರೆ ಟ್ಯಾಕ್ಸಿಯಾಗಿ ಸವೆದ ಗಾಡಿಯೇ ವೈಟ್ ಬೋರ್ಡಿಗೆ ಬದಲಾಗಿ, ಮೀಟರ್ ಹಿಂದಕ್ಕೆ ತಿರುಗಿಸಿಕೊಂಡು ಮನೆಗೆ ಬಂದರೆ? ಈ ಭಯಕ್ಕೆ ಆಧಾರವಿದೆ. ಮಾದರಿ ಜನಪ್ರಿಯವಾದಷ್ಟೂ ಮೋಸಕ್ಕೆ ಅವಕಾಶ ಹೆಚ್ಚು. ಇದಕ್ಕೆ ಮದ್ದು ಮಾದರಿಯನ್ನು ಬಿಡುವುದಲ್ಲ, ಆ ಒಂದು ಗಾಡಿಯ ಜಾತಕ ನೋಡುವುದು: ಸರ್ವಿಸ್ ದಾಖಲೆ, ಆರ್‌ಸಿಯ ಇತಿಹಾಸ, ಇನ್ಶೂರೆನ್ಸ್ ಕ್ಲೇಮುಗಳು, ಸವೆದ ಪೆಡಲ್ಲು, ಸವೆದ ಸ್ಟೀರಿಂಗು. ಯಾರೂ ಬಯಸದ ಗಾಡಿಯೇ ಅಗ್ಗ, ಬಜೆಟ್ ಕಡಿಮೆ ಇರುವವರಿಗೆ ಅದೇ ಲಾಭ ಎನ್ನುವವರೂ ಇದ್ದಾರೆ. ಎರಡನೆಯ ಕಾರು ಇರುವವರಿಗೆ, ಒಂದು ತಿಂಗಳು ಬಿಡಿಭಾಗಕ್ಕೆ ಕಾಯಬಲ್ಲವರಿಗೆ ಈ ಮಾತು ಸರಿ. ಇರುವ ಒಂದೇ ಕಾರಿನಲ್ಲಿ ದಿನಾ ಕೆಲಸಕ್ಕೆ ಹೋಗುವವರಿಗೆ ಸಲ್ಲದು. ಇನ್ನು ಸರ್ಟಿಫೈಡ್ ಮಳಿಗೆಗಳು: ಮಾರುತಿ 2001ರಲ್ಲಿ ಟ್ರೂ ವ್ಯಾಲ್ಯೂ ಆರಂಭಿಸಿತು, ಆಮೇಲೆ ಆನ್‌ಲೈನ್ ಕಂಪನಿಗಳು ಬಂದವು. ಅಕೆರ್ಲಾಫ್ ಹೇಳಿದ ಗ್ಯಾರಂಟಿ ಕೊನೆಗೂ ಬಂದಂತಾಯಿತು. ಅದು ಒಳ್ಳೆಯದೇ. ಆದರೆ ವಾರಂಟಿ ಕೆಲವು ತಿಂಗಳಿನದು, ಗಾಡಿ ಇಟ್ಟುಕೊಳ್ಳುವುದು ಹಲವು ವರ್ಷ.

ನನ್ನ ವಾದ ಸೋಲುವ ಜಾಗ ಒಂದಿದೆ, ಅದು ಸುರಕ್ಷತೆ. ಗ್ಯಾರೇಜು ಎಂದೂ ಅಪಘಾತದಲ್ಲಿ ಬದುಕುಳಿಯುವುದನ್ನು ಅಳೆಯಲಿಲ್ಲ. ಅಂಬಾಸಡರ್ ಗಟ್ಟಿ ಎಂದು ಜನ ನಂಬಿದ್ದು ತಗಡಿನ ದಪ್ಪ ನೋಡಿ. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಗಾಡಿಯ ಅಗ್ಗದ ಮಾದರಿಗಳಲ್ಲಿ ಇವೆರಡೂ ಇಲ್ಲದಿರಬಹುದು. ಹತ್ತು ಸಾವಿರ ಉಳಿಸಲು ಏರ್‌ಬ್ಯಾಗ್ ಇಲ್ಲದ ಗಾಡಿ ಕೊಳ್ಳಬೇಡಿ. ಒಂದೆರಡು ವರ್ಷ ಹಳೆಯದಾದರೂ ಚಿಂತೆಯಿಲ್ಲ, ಮೇಲಿನ ವೇರಿಯಂಟ್ ಹುಡುಕಿ. ದೆಹಲಿಯಿಂದ ಬಂದ ಗಾಡಿಗಳ ಬಗ್ಗೆಯೂ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಹಳೆಯ ಗಾಡಿಗಳ ಬೆಲೆ ಕುಸಿಯಿತು. ಕರ್ನಾಟಕಕ್ಕೆ ತಂದು ನೋಂದಾಯಿಸುವಾಗ ಇಲ್ಲಿನ ಆಜೀವ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿ ಲೆಕ್ಕ ಹಾಕಿದ ಮೇಲೆ ಅಗ್ಗವೋ ಅಲ್ಲವೋ ನೋಡಿ.

ಕೊಳ್ಳುವ ಮುನ್ನ ನಿಮ್ಮ ಬೀದಿಯ ಗ್ಯಾರೇಜಿಗೆ ಹೋಗಿ, ಮನಸ್ಸಿನಲ್ಲಿರುವ ಮಾದರಿ ಅಲ್ಲಿಗೆ ತಿಂಗಳಿಗೆ ಎಷ್ಟು ಬರುತ್ತದೆ, ಏನು ಕೆಟ್ಟು ಬರುತ್ತದೆ, ಕ್ಲಚ್ ಪ್ಲೇಟು ಹಾಕಿಸಲು ಎಷ್ಟಾಗುತ್ತದೆ ಎಂದು ಕೇಳಿ. ಗಾಡಿ ನೋಡಲು ಹೋಗುವಾಗ ಅದೇ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕರೆದೊಯ್ಯಿರಿ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟರೆ ಆಗಲಿಲ್ಲ, ಆರ್‌ಸಿ ಹೆಸರು ಬದಲಾಗಲೇಬೇಕು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಕೊಂಡವರಿಗೆ 30 ದಿನ ಅವಕಾಶ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಪರಿಹಾರ ಕೊಡುವ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.