ಒಂದೇ ಲೋಹ, ಹಲವು ಮುರಿತ

ಅಬ್ಬಿಗೇರಿಯಂಥ ಊರಿನಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ ಬೆಳೆದವರಿಗೆ ಒಂದು ಸಂಗತಿ ಗೊತ್ತು. ಅಂಗೈಯ ಕೆಳಗೆ ಹಿಟ್ಟು ಎಷ್ಟು ತೆಳುವಾದರೂ ನಡುವೆ ಬಿರಿಯುವುದಿಲ್ಲ, ಬಿರಿಯುವುದು ಅಂಚು. ನಡುವಿನ ಹಿಟ್ಟನ್ನು ಕೈ ಅದುಮುತ್ತದೆ. ಅಂಚಿನ ಹಿಟ್ಟಿಗಾದರೋ, ಸುತ್ತಳತೆ ಹೆಚ್ಚಿದಂತೆಲ್ಲ ಎಳೆತ. ಆದುದರಿಂದಲೇ ನುರಿತ ಕೈ ರೊಟ್ಟಿ ಬಡಿಯುತ್ತಲೇ ಅಂಚನ್ನು ಒಳಕ್ಕೆ ಒತ್ತಿಕೊಳ್ಳುತ್ತದೆ. ಹಿಟ್ಟು ಒಂದೇ, ಅದರ ಮೇಲಿನ ಬಲದ ಸ್ಥಿತಿ ಬೇರೆ. ವಿಮಾನದ ಅಲ್ಯೂಮಿನಿಯಂ ಕುರಿತು ಇದೇ ಮಾತನ್ನು ಖಚಿತವಾಗಿ ಹೇಳಲು ವಿಜ್ಞಾನಕ್ಕೆ ಸುಮಾರು ಒಂದು ಶತಮಾನ ಹಿಡಿಯಿತು.

ನಾನು ಕನ್ನಡ ಕಲಿಸಿ ನಿವೃತ್ತನಾದವನು, ಲೋಹಶಾಸ್ತ್ರಜ್ಞನಲ್ಲ. ಆದರೂ ಈ ಕಥೆ ನನ್ನನ್ನು ಸೆಳೆದಿದೆ.

ಅಲ್ಯೂಮಿನಿಯಂ ಸ್ವಭಾವತಃ ಮೃದು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಅವರು ತಾಮ್ರ, ಮೆಗ್ನೀಷಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಕಾಸಿ, ಥಟ್ಟನೆ ತಣಿಸಿ, ಕೆಲವು ದಿನ ಬಿಟ್ಟು ನೋಡಿದರು. ಅದು ತಾನಾಗಿಯೇ ಗಟ್ಟಿಯಾಗಿತ್ತು. ಡ್ಯುರಾಲುಮಿನ್ ಎಂಬ ಆ ಮಿಶ್ರಲೋಹದ ವಂಶವೇ ವಿಮಾನಗಳಿಗೆ ಒಡಲಾಯಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಎಚ್‌ಟಿ-2 ಎಂಬ ಲೋಹದ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಅಲ್ಲಿಂದಲೇ ಹಾರಿತು.

ಲೋಹದ ತಾಳಿಕೆಯನ್ನು ಅಳೆಯುವ ರೂಢಿಯ ಬಗೆ ಸರಳ: ಒಂದು ಸಲಾಕೆಯನ್ನು ಎರಡೂ ತುದಿಯಲ್ಲಿ ಹಿಡಿದು ತುಂಡಾಗುವವರೆಗೆ ಎಳೆದು, ಅಂಕೆ ಬರೆದುಕೊಳ್ಳುವುದು. ಆದರೆ ರೆಕ್ಕೆ ನೇರವಾದ ಸಲಾಕೆಯಲ್ಲ. ಅದರಲ್ಲಿ ಮೊಳೆಯ ತೂತುಗಳುಂಟು, ಮೂಲೆಗಳುಂಟು. ಒಂದೆಡೆ ಲೋಹಕ್ಕೆ ಹಲವು ದಿಕ್ಕಿನ ಎಳೆತ, ಇನ್ನೊಂದೆಡೆ ಅದುಮು, ಮತ್ತೊಂದೆಡೆ ಕತ್ತರಿಯಂಥ ಜಾರು. ಆ ಒಂದು ಅಂಕೆಯನ್ನೇ ನಂಬಿದರೆ ಪಣಕ್ಕಿಟ್ಟದ್ದು ಪ್ರಯಾಣಿಕರ ಪ್ರಾಣ.

ಅಮೆರಿಕದ ಪರ್ಸಿ ಬ್ರಿಜ್‌ಮನ್ ಅವರು ಸುತ್ತಲೂ ಭಾರಿ ಒತ್ತಡವಿಟ್ಟು ಲೋಹದ ಸಲಾಕೆಗಳನ್ನು ಎಳೆದರು. ಅವು ಎಂದಿಗಿಂತ ಬಹುಪಾಲು ಹೆಚ್ಚು ಹಿಗ್ಗಿ ಅನಂತರ ಮುರಿದವು. ಕಾರಣ ಲೋಹದ ಒಳಗಿತ್ತು. ಮಿಶ್ರಲೋಹದಲ್ಲಿ ಗಡುಸಾದ ಸಣ್ಣ ಕಣಗಳಿರುತ್ತವೆ. ಹಿಗ್ಗಿದಾಗ ಅವುಗಳ ಬಳಿ ಕಣ್ಣಿಗೆ ಕಾಣದ ರಂಧ್ರಗಳು ಹುಟ್ಟಿ, ಬೆಳೆದು, ಒಂದನ್ನೊಂದು ಕೂಡುತ್ತವೆ. ಹಲವು ದಿಕ್ಕಿನ ಎಳೆತವಿದ್ದಲ್ಲಿ ಅವು ಬೇಗನೆ ಉಬ್ಬುತ್ತವೆ ಎಂಬುದನ್ನು 1968ರಲ್ಲಿ ಮೆಕ್‌ಕ್ಲಿಂಟಾಕ್, 1969ರಲ್ಲಿ ರೈಸ್ ಮತ್ತು ಟ್ರೇಸಿ ಗಣಿತದಿಂದ ತೋರಿಸಿದರು.

ಹಾಗಾದರೆ ಎಳೆತ ಕಡಿಮೆಯಾದಷ್ಟೂ ಲೋಹ ಕ್ಷೇಮವೇ? ಬಹುಕಾಲ ಹಾಗೆಂದೇ ನಂಬಿದ್ದರು. 2004ರಲ್ಲಿ ಬಾವ್ ಮತ್ತು ವಿಯರ್ಜ್‌ಬಿಕಿ ಎಂಬವರು ವಿಮಾನಕ್ಕೆ ಬಳಸುವ 2024 ಎಂಬ ಮಿಶ್ರಲೋಹವನ್ನು ಎಳೆದು, ಅದುಮಿ, ಜಾರಿಸಿ ಪರೀಕ್ಷಿಸಿದ್ದನ್ನು ಪ್ರಕಟಿಸಿದಾಗ ಆ ನಂಬಿಕೆ ಅಲುಗಿತು. ಜಾರುಬಲದಲ್ಲಿ ರಂಧ್ರಗಳು ಉಬ್ಬುವುದಿಲ್ಲ, ನಿಜ; ಆದರೆ ಲೋಹ ಬೇರೊಂದು ದಾರಿಯಲ್ಲಿ, ಸರಳ ಎಳೆತಕ್ಕಿಂತಲೂ ಕಡಿಮೆ ಹಿಗ್ಗಿಯೇ ಸೀಳಿತು. ಅದುಮಿದ ತುಂಡುಗಳಲ್ಲಿ ಬಿರುಕು ಕಂಡದ್ದು ಉಬ್ಬಿದ ಹೊರ ಅಂಚಿನಲ್ಲಿ, ನಮ್ಮ ರೊಟ್ಟಿಯಲ್ಲಿ ಕಾಣುವ ಹಾಗೆಯೇ.

ನಮ್ಮ ನುಡಿಯಲ್ಲಿ ಗಡಿಗೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಹಗ್ಗ ಹರಿಯುತ್ತದೆ, ಬೇಸಗೆಯ ಎರೆನೆಲ ಬಿರಿಯುತ್ತದೆ. ಈ ಎಲ್ಲಕ್ಕೂ ಒಂದೇ ಶಬ್ದ ಸಾಲದೆಂದು ಹಿರಿಯರಿಗೆ ತಿಳಿದಿತ್ತು. ಲೋಹಕ್ಕೂ ಒಂದೇ ಅಂಕೆ ಸಾಲದು. ಎಷ್ಟು ಬಲ ಬಿತ್ತೆಂದು ಕೇಳಿದರಷ್ಟೇ ಆಗದು. ಯಾವ ಬಗೆಯಲ್ಲಿ ಬಿತ್ತೆಂದೂ ಕೇಳಬೇಕು.