ಎರೆಮಣ್ಣಿನ ನೆಲದಲ್ಲಿ ಮನೆಗೆ ಜಲ್ಲಿ ದಾರಿ ನಿರ್ಮಾಣ: ಸಾರ್ವಜನಿಕರ ಮಾಹಿತಿಗಾಗಿ

ವಿಜಯಪುರ, ಗದಗ, ಕಲಬುರಗಿ ಮುಂತಾದ ಜಿಲ್ಲೆಗಳ ಎರೆಮಣ್ಣು ನೀರು ಹೀರಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಗುಣವುಳ್ಳದ್ದಾಗಿರುತ್ತದೆ. ಇದರ ಮೇಲೆ ನೇರವಾಗಿ ಹರಡಿದ ಜಲ್ಲಿಯು ಮಳೆಗಾಲದಲ್ಲಿ ಕೆಸರಿನೊಳಗೆ ಹೂತುಹೋಗುವುದರಿಂದ, ತುರ್ತು ಸಮಯದಲ್ಲಿ ಆಂಬ್ಯುಲೆನ್ಸ್ ಸಹ ಮನೆಯವರೆಗೆ ಬರಲಾಗುವುದಿಲ್ಲ. ಆದುದರಿಂದ ಕೆಳಕಂಡ ಕ್ರಮಗಳನ್ನು ಮುಂಗಾರಿಗೆ ಮುನ್ನ ಕೈಗೊಳ್ಳುವುದು ಸೂಕ್ತ.

1. ಹುಲ್ಲು, ಬೇರುಗಳಿಂದ ಕೂಡಿದ ಮೇಲ್ಮಣ್ಣನ್ನು ತೆಗೆದು, ದಾರಿಯ ಎರಡೂ ಬದಿಗೆ ಚರಂಡಿ ತೋಡತಕ್ಕದ್ದು.

2. ಸಮತಟ್ಟುಗೊಳಿಸಿದ ನೆಲದ ಮೇಲೆ ಜಿಯೋಟೆಕ್ಸ್‌ಟೈಲ್ ಹಾಸತಕ್ಕದ್ದು. ಇದು ನೀರನ್ನು ಬಿಟ್ಟು, ಮಣ್ಣು ಜಲ್ಲಿಯೊಂದಿಗೆ ಬೆರೆಯದಂತೆ ತಡೆಯುತ್ತದೆ.

3. ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿಯನ್ನು 10 ರಿಂದ 15 ಸೆಂ.ಮೀ. ಪದರಗಳಲ್ಲಿ ಹರಡಿ, ಪ್ರತಿ ಪದರಕ್ಕೂ ರೋಲರ್ ಹಾಯಿಸತಕ್ಕದ್ದು. ಒಡೆದ ಕೋನಾಕಾರದ ಕಲ್ಲು ಪರಸ್ಪರ ಕಚ್ಚಿಕೊಳ್ಳುತ್ತದೆ. ಹೊಳೆಯ ಗುಂಡುಕಲ್ಲು ಜಾರುತ್ತದೆ.

4. ಮೇಲ್ಪದರಕ್ಕೆ ಗರಸು ಹಾಕಿ, 3 ಮೀಟರ್ ಅಗಲದ ದಾರಿಯ ನಡುಭಾಗವನ್ನು ಅಂಚಿಗಿಂತ ಸುಮಾರು 6 ಸೆಂ.ಮೀ. ಎತ್ತರಿಸತಕ್ಕದ್ದು.

5. ದಾರಿಯು ಸಾರ್ವಜನಿಕ ರಸ್ತೆಯ ಚರಂಡಿಯನ್ನು ದಾಟುವಲ್ಲಿ, ಆ ರಸ್ತೆಯ ಪ್ರಾಧಿಕಾರದ ಪೂರ್ವಾನುಮತಿ ಪಡೆದು ಕೊಳವೆ ಅಳವಡಿಸತಕ್ಕದ್ದು. ಚರಂಡಿಯನ್ನು ಮಣ್ಣಿನಿಂದ ಮುಚ್ಚಿದಲ್ಲಿ ನೀರು ನೆರೆಹೊರೆಯವರ ಜಮೀನಿಗೆ ನುಗ್ಗುತ್ತದೆ.

ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಚರಂಡಿಯ ಹೂಳು ತೆಗೆದು, ತಗ್ಗುಗಳಿಗೆ ಗರಸು ತುಂಬಿ ದಮ್ಮಸು ಮಾಡತಕ್ಕದ್ದು.