ಸ್ವಿಚ್ಚಿನ ಪೋರ್ಟುಗಳ ನಡುವಿನ ಸಂಚಾರಕ್ಕೆ ಕಡಿವಾಣ

ಮಹಾನಗರದ ವಸತಿ ಸಂಕೀರ್ಣಗಳಲ್ಲಿ ಒಂದೇ ಅಂತರ್ಜಾಲ ಸಂಪರ್ಕವನ್ನು ಸ್ವಿಚ್ಚಿನ ಮೂಲಕ ಹಲವು ಮನೆಗಳಿಗೆ ಹಂಚುವುದುಂಟು. ಯಾವ ತಡೆಯನ್ನೂ ಹಾಕದಿದ್ದರೆ ಮೂರನೆಯ ಮಹಡಿಯವರು ಹಂಚಿಕೆಗೆ ತೆರೆದಿಟ್ಟ ಕಡತಗಳು ಏಳನೆಯ ಮಹಡಿಯವರಿಗೂ ದೊರಕಬಹುದು. ಇದು ಸ್ವಿಚ್ಚಿನ ದೋಷವಲ್ಲ, ಅದರ ಧರ್ಮ. ಬಂದ ಪ್ರತಿಯೊಂದು ಫ್ರೇಮಿನ ಮೂಲ ವಿಳಾಸವನ್ನು, ಅಂದರೆ 48 ಬಿಟ್ಟುಗಳ ಮ್ಯಾಕ್ ವಿಳಾಸವನ್ನು, ಅದು ನೆನಪಿಟ್ಟುಕೊಳ್ಳುತ್ತದೆ; ಗುರಿಯ ವಿಳಾಸವಿರುವ ಪೋರ್ಟಿಗೆ ಫ್ರೇಮನ್ನು ಕಳುಹಿಸುತ್ತದೆ; ಗುರಿ ತಿಳಿಯದಿದ್ದರೆ ಉಳಿದೆಲ್ಲ ಪೋರ್ಟುಗಳಿಗೂ ಹರಡುತ್ತದೆ.

1998ರ ಐಇಇಇ 802.1ಕ್ಯು ಮಾನಕದಂತೆ ಒಂದೊಂದು ಮನೆಗೂ ಒಂದೊಂದು ವಿಲ್ಯಾನ್ ಕೊಡಬಹುದು. ಬರಿಯ ಪ್ರತ್ಯೇಕತೆಯೇ ಸಾಕೆನ್ನುವವರಿಗೆ, ಮನೆಯ ಪೋರ್ಟು ರೂಟರಿನ ಪೋರ್ಟಿನೊಡನೆ ಮಾತ್ರ ವ್ಯವಹರಿಸುವಂತೆ ಮಾಡುವ 'ಐಸೋಲೇಶನ್' ಸುಲಭ. ಆದರೆ ಒಂದು ಮುದ್ರಕ ಎಲ್ಲರಿಗೂ ಬೇಕು, ಉಳಿದುದು ಬೇಡ ಎಂದಾಗ ಫಿಲ್ಟರ್ ನಿಯಮಗಳನ್ನೇ ಬರೆಯಬೇಕಾಗುತ್ತದೆ.

ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ; ಮೊದಲು ಹೊಂದಿದ ನಿಯಮವೇ ತೀರ್ಪು. ಯಾವುದೂ ಹೊಂದದಿದ್ದರೆ? ಸಿಸ್ಕೋ ಪಟ್ಟಿಯ ಕೊನೆಯಲ್ಲಿ ಕಾಣದಂತೆ ಒಂದು 'ನಿರಾಕರಿಸು' ಇರುತ್ತದೆ. ಮೈಕ್ರೋಟಿಕ್‌ನಲ್ಲಿ ಫ್ರೇಮು ಹಾದುಹೋಗುತ್ತದೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದವರು ತೊಂದರೆಗೆ ಸಿಲುಕುತ್ತಾರೆ.

ಇಂಥ ಫಿಲ್ಟರುಗಳು ಸಾಮಾನ್ಯವಾಗಿ ಹಿಂದಿನ ಸಂವಾದವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಹೋಗುವುದಕ್ಕೂ ಮರಳುವುದಕ್ಕೂ ಬೇರೆ ಬೇರೆ ಅನುಮತಿ ಬೇಕು. ಐಪಿಯನ್ನು ಮಾತ್ರ ಬಿಟ್ಟು ಉಳಿದುದನ್ನೆಲ್ಲ ತಡೆದರೆ, ಐಪಿ ವಿಳಾಸಕ್ಕೆ ಮ್ಯಾಕ್ ವಿಳಾಸವನ್ನು ಹುಡುಕಿಕೊಡುವ ಎಆರ್‌ಪಿಯೂ ನಿಲ್ಲುತ್ತದೆ. ವಿಚಿತ್ರವೆಂದರೆ ಜಾಲ ತಕ್ಷಣ ಕೆಡುವುದಿಲ್ಲ; ಗಣಕಗಳಲ್ಲಿ ಉಳಿದ ಹಳೆಯ ವಿಳಾಸಗಳು ಅಳಿಯುವವರೆಗೆ ನಡೆದು, ಆಮೇಲೆ ಒಂದೊಂದಾಗಿ ಸಂಪರ್ಕ ಕಡಿಯುತ್ತದೆ. ಐಪಿ ಆರನೆಯ ಆವೃತ್ತಿಗೂ ಪ್ರತ್ಯೇಕ ನಿಯಮ ಬೇಕೆಂಬುದನ್ನು ಮರೆಯುವವರು ಬಹಳ.

ಒಂದೇ ನಿಯಮ ಬರೆಯಲು ಬಿಡುವಿದ್ದರೆ ನಾವು ಸೂಚಿಸುವುದು ಇದನ್ನು: ಮನೆಗಳ ಪೋರ್ಟಿನಿಂದ ಯುಡಿಪಿ 67ನ್ನು ಮೂಲ ಪೋರ್ಟಾಗಿ ಹೊತ್ತು ಬರುವ ಸಂಚಾರವನ್ನು ತಡೆಯಿರಿ. ಯಾರೋ ತಮ್ಮ ಮನೆಯ ವೈಫೈ ರೂಟರಿಗೆ ತಂತಿಯನ್ನು ತಪ್ಪು ರಂಧ್ರದಲ್ಲಿ ಸಿಕ್ಕಿಸಿದರೆ ಅದು ಇಡೀ ಕಟ್ಟಡಕ್ಕೆ ತನ್ನದೇ ಐಪಿ ವಿಳಾಸಗಳನ್ನು ಹಂಚತೊಡಗುತ್ತದೆ. ಸಂಕೀರ್ಣಕ್ಕೆ ಸಂಕೀರ್ಣವೇ ಅಂತರ್ಜಾಲವಿಲ್ಲದೆ ಕುಳಿತುಕೊಳ್ಳಲು ಇಷ್ಟು ಸಾಕು.

ನಿಯಮ ಎಲ್ಲಿ ಕುಳಿತಿದೆ ಎಂಬುದು ನಿಯಮದಷ್ಟೇ ಮುಖ್ಯ. ಮೈಕ್ರೋಟಿಕ್‌ನಂಥ ಸಾಧನಗಳಲ್ಲಿ ಬ್ರಿಜ್ ಫಿಲ್ಟರು ಕೆಲಸ ಮಾಡುವುದು ಮುಖ್ಯ ಸಂಸ್ಕಾರಕದಲ್ಲಿ. ಹಾರ್ಡ್‌ವೇರ್ ಆಫ್‌ಲೋಡ್ ಚಾಲನೆಯಲ್ಲಿದ್ದರೆ ಎರಡು ಪೋರ್ಟುಗಳ ನಡುವಿನ ಫ್ರೇಮುಗಳನ್ನು ಸ್ವಿಚ್ ಚಿಪ್ಪೇ ದಾಟಿಸಿಬಿಡುತ್ತದೆ. ಸಂಸ್ಕಾರಕಕ್ಕೆ ಅವುಗಳ ಸುಳಿವೇ ಇರುವುದಿಲ್ಲ. ನಿಯಮದ ಎದುರಿನ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಮೊದಲು ಇದನ್ನೇ ಸಂದೇಹಿಸಬೇಕು. ಚಿಪ್ಪು ಅನುಮತಿಸಿದರೆ ನಿಯಮವನ್ನು ಅದರಲ್ಲೇ ಬರೆಯುವುದು ಲೇಸು. ಆಫ್‌ಲೋಡ್ ನಿಲ್ಲಿಸಿದರೂ ಫಿಲ್ಟರು ಎಚ್ಚರಗೊಳ್ಳುತ್ತದೆ, ಆದರೆ ವೇಗ ಕುಸಿಯುತ್ತದೆ.

ಪೋರ್ಟುಗಳನ್ನು ಬೇರ್ಪಡಿಸಿದ ಮೇಲೂ ಒಂದು ಹಿತ್ತಿಲ ಬಾಗಿಲು ಉಳಿಯುತ್ತದೆ. ನೆರೆಮನೆಯ ಐಪಿ ವಿಳಾಸ ಹೊತ್ತ ಫ್ರೇಮನ್ನು ಬೇಕೆಂದೇ ರೂಟರಿನ ಮ್ಯಾಕ್ ವಿಳಾಸಕ್ಕೆ ಕಳುಹಿಸಿದರೆ, ರೂಟರು ಅದನ್ನು ಬಂದ ದಾರಿಯಲ್ಲೇ ನೆರೆಮನೆಗೆ ಮುಟ್ಟಿಸಬಲ್ಲದು. ಈ ಬಾಗಿಲನ್ನು ಮುಚ್ಚುವ ನಿಯಮ ಸ್ವಿಚ್ಚಿನದಲ್ಲ, ರೂಟರಿನದು: ಒಂದೇ ಉಪಜಾಲದಿಂದ ಬಂದು ಅದೇ ಉಪಜಾಲಕ್ಕೆ ಮರಳುವ ಸಂಚಾರವನ್ನು ಅಲ್ಲಿ ತಡೆಯಬೇಕು.